ಉಣ್ಣುವ ಕೈ, ಕೊಯ್ಯುವ ಕೈ

ರಬಕವಿಯ ತವನಪ್ಪ ಡಾಕ್ಟರು ಊಟಕ್ಕೆ ಕೂತರೆ ಎಲೆಗೆ ಉಪ್ಪು ಬೀಳುವ ಮೊದಲೇ ಅವರ ಕೋಟಿನ ಕಿಸೆಯಿಂದ ಒಂದು ಹಿತ್ತಾಳೆಯ ಚಮಚ ಹೊರಗೆ ಬರುತ್ತಿತ್ತು. ಮದುವೆಯಿರಲಿ, ಬಸುರಿಯ ಕುಬಸವಿರಲಿ, ಬಸದಿಯ ಪಂಕ್ತಿಯಿರಲಿ, ಅರಿವೆಯ ತುಂಡಿನಲ್ಲಿ ಸುತ್ತಿದ ಆ ಚಮಚವನ್ನು ಬಿಚ್ಚಿ, ನೀರಲ್ಲಿ ಅದ್ದಿ, ಒರೆಸಿ, ಆಮೇಲೆ ಅನ್ನಕ್ಕೆ ಹಚ್ಚುತ್ತಿದ್ದರು. ಅನ್ನಕ್ಕಾದರೆ ಸರಿ, ಜೋಳದ ರೊಟ್ಟಿಯನ್ನು ಚಮಚದಲ್ಲಿ ತಿನ್ನುವುದು ಹೇಗೆ? ಮನೆಯಲ್ಲಿ ಹೆಂಡತಿ ರೊಟ್ಟಿಯನ್ನು ಸಣ್ಣಗೆ ಮುರಿದು ಕಾಳಿನ ಪಲ್ಯದಲ್ಲಿ ನೆನೆಸಿ ಕೊಡುತ್ತಿದ್ದಳು. ಬೀಗರ ಮನೆಯಲ್ಲಿ ಅಷ್ಟು ಮಾಡುವವರು ಯಾರು? ಅಲ್ಲಿ ಅವರು ರೊಟ್ಟಿ ಬಿಟ್ಟು ಬರೀ ಅನ್ನ ಉಂಡು ಏಳುತ್ತಿದ್ದರು.

ನೇಕಾರರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಇದನ್ನೇ ಆಡಿಕೊಳ್ಳುತ್ತಿದ್ದರು.

“ಡಾಕ್ಟರ ಸಾಹೇಬ್ರು ವಿಲಾಯ್ತಿ ಮನಶ್ಯಾ ಆಗ್ಯಾರಲೇ.”

“ವಿಲಾಯ್ತಿ ಎಲ್ಲಿ ಬಂತೋ, ಪುಣೇದಾಗ ಕಲ್ತ ಬಂದಾರ. ಅನ್ನಾ ಮುಟ್ಟಿದ್ರ ಕೈ ಹೊಲಸ ಆಗತೈತಂತ!”

ಹೊಲಸಿನ ಮಾತು ಖರೆ, ಆದರೆ ತಿರುಗು ಮುರುಗು. ಅನ್ನದಿಂದ ಕೈ ಹೊಲಸಾಗುತ್ತದೆಂಬ ಹೆದರಿಕೆ ಅವರಿಗೆ ಇರಲಿಲ್ಲ, ಕೈಯಿಂದ ಅನ್ನ ಹೊಲಸಾದೀತೆಂದು ಇತ್ತು. ಹುಣ್ಣು ತೊಳೆಯುವಾಗ, ಬಾವು ಒಡೆಯುವಾಗ ಅವರ ಮೋರೆ ಹುಣಸೆಕಾಯಿ ಕಚ್ಚಿದವರ ಹಾಗೆ ಕಿವುಚಿಕೊಳ್ಳುತ್ತಿತ್ತು. ಒಂದು ಸಲ ಮೋರೆ ಅತ್ತ ಹೊರಳಿಸಿ ಓಕರಿಸಿ, ಮತ್ತೆ ಇತ್ತ ಹೊರಳಿ ಕೆಲಸ ಮುಗಿಸುತ್ತಿದ್ದರು. “ನಮ್ಮ ಡಾಕ್ಟರ ಮಾರಿ ನೋಡಿ ಜಡ್ಡ ತಾನ ನಾಚಿ ಓಡತೈತಿ” ಎಂದು ಜನ ನಗುತ್ತಲೇ ಅವರ ಹತ್ತಿರ ಬರುತ್ತಿದ್ದರು. ಜೀವಮಾನವೆಲ್ಲ ಹೇಸುತ್ತ ಹೇಸುತ್ತಲೇ ಡಾಕ್ಟರಿಕೆ ಮಾಡಿದ ಮನುಷ್ಯ. ಆ ಚಮಚ ಅವರ ಕಿಸೆಗೆ ಬಂದದ್ದು ಅವರು ಇನ್ನೂ ಡಾಕ್ಟರಾಗದೆ ಬರೀ ತವನಪ್ಪನಾಗಿದ್ದಾಗ.

ತವನಪ್ಪ ಹುಟ್ಟಿನಿಂದಲೇ ಹೇಸುವ ಹುಡುಗ. ಸಾರಿನಲ್ಲಿ ಕೂದಲು ಕಂಡರೆ ತಾಟು ಬಿಟ್ಟು ಏಳುತ್ತಿದ್ದ. ಯಾರಾದರೂ ಕ್ಯಾಕರಿಸಿ ಉಗುಳಿದ ಜಾಗವಿದ್ದರೆ ಸುತ್ತು ಹಾಕಿ ಬೇರೆ ಓಣಿಯಿಂದ ಬರುತ್ತಿದ್ದ. ಮನೆಯ ಎಮ್ಮೆ ಈಯುವ ದಿನ ಅಟ್ಟ ಹತ್ತಿ ಕಿವಿ ಮುಚ್ಚಿಕೊಂಡು ಕೂತಿರುತ್ತಿದ್ದ. ಇಂಥವನನ್ನು ಡಾಕ್ಟರಿ ಕಲಿಯಲು ಕಳಿಸಿದ್ದು ಅವನ ಅಪ್ಪ ಪಾರಿಸಪ್ಪ. ರಬಕವಿಯ ಪೇಟೆಯಲ್ಲಿ ನೇಕಾರರಿಗೆ ನೂಲು ಮಾರುವ ಜೈನ ವ್ಯಾಪಾರಸ್ಥ. ತವನಪ್ಪನ ತಾಯಿ ಹೀರಾ ಎರಡನೆಯ ಬಾಣಂತನದಲ್ಲಿ ಜ್ವರ ಏರಿ ತೀರಿಕೊಂಡಿದ್ದಳು, ಕೂಸೂ ಉಳಿದಿರಲಿಲ್ಲ. ಸೂಲಗಿತ್ತಿ ಕೈಚೆಲ್ಲಿದ ಮೇಲೆ ಕರೆಯಲು ಒಬ್ಬ ಡಾಕ್ಟರೂ ಊರಲ್ಲಿ ಇರಲಿಲ್ಲ. ಚಿತೆಯ ಮುಂದೆ ನಿಂತು ಪಾರಿಸಪ್ಪ, “ನನ್ನ ಮನಿಯಿಂದ ಒಬ್ಬ ಡಾಕ್ಟರ ಆಗಬೇಕು” ಅಂದಿದ್ದ. ಮನೆಯಲ್ಲಿ ಇದ್ದವನು ಒಬ್ಬನೇ ಮಗ. ಹೇಸುತ್ತಾನೋ ಬಿಡುತ್ತಾನೋ ಯಾರು ಕೇಳಬೇಕು.

ತಾಯಿಯಿಲ್ಲದ ಹುಡುಗನನ್ನು ಸಾಕಿದವಳು ಪಾರಿಸಪ್ಪನ ತಾಯಿ ಅಕ್ಕವ್ವ, ಹುಡುಗನ ಬಾಯಲ್ಲಿ ‘ಆಯಿ’. ಸೋಸದ ನೀರು ಕುಡಿಯದವಳು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಹನಿ ಹಾಕದವಳು. ಮೊಮ್ಮಗನಿಗೆ ಎಣ್ಣೆ ಹಚ್ಚುತ್ತ ದಿನಾ ಒಂದೇ ಪಾಠ ಹೇಳುತ್ತಿದ್ದಳು.

“ಈ ಕಾಯ ಅಂದ್ರ ಏನು? ತೊಗಲಿನ ಚೀಲ. ಒಳಗ ಏನೈತಿ? ನೆತ್ತರ, ಕೀವ, ಎಲುವು, ಮಲ. ಒಂಬತ್ತ ತೂತಿನಿಂದ ಹಗಲೂ ರಾತ್ರಿ ಸೋರತೈತಿ. ಇದನ್ನ ನೋಡಿ ಹೇಸಬೇಕೋ ತಮ್ಮಾ, ಹಿಗ್ಗಬಾರದು.”

“ಹಂಗಾರ ಎಣ್ಣಿ ಯಾಕ ಹಚ್ಚತೀ ಆಯಿ?”

“ಚೀಲ ಹರೀಬಾರದಂತ. ಸುಮ್ನ ಕೂಡು.”

ಜಮಖಂಡಿಯಲ್ಲಿ ಹೈಸ್ಕೂಲು ಮುಗಿದು ತವನಪ್ಪ ಪುಣೆಗೆ ಹೊರಟಾಗ ಅಕ್ಕವ್ವನ ಕಿವಿಗೆ ಒಂದು ಸುದ್ದಿ ಬಿದ್ದಿತ್ತು. ಅಲ್ಲಿ ಹೆಣ ಕೊಯ್ಯಿಸುತ್ತಾರಂತೆ. ಹೊರಡುವ ಮುಂಚಿನ ದಿನ ಮಗನನ್ನೂ ಮೊಮ್ಮಗನನ್ನೂ ಬಸದಿಗೆ ಕರೆದುಕೊಂಡು ಹೋದಳು. ಮೂರ್ತಿಯ ಮುಂದೆ ನಿಂತು ಮೊಮ್ಮಗನ ಬಲಗೈ ಹಿಡಿದಳು.

“ತವನ್ಯಾ, ಈ ಕೈಗೆ ಮೊದಲ್ನೇ ತುತ್ತು ಕೊಟ್ಟಾಕಿ ನಾನು. ಉಣ್ಣೋ ಕೈಲೆ ಹೆಣಾ ಮುಟ್ಟೂದಿಲ್ಲಂತ ನೇಮಾ ತಗೋ.”

ತವನಪ್ಪ ತಟ್ಟನೆ ತೆಗೆದುಕೊಂಡ. ಹೆಣ ಮುಟ್ಟಬೇಡ ಎಂಬುದಕ್ಕಿಂತ ಹಿತವಾದ ಮಾತು ಅವನಿಗೆ ಬೇರೆ ಇರಲಿಲ್ಲ.

“ಎಡಗೈ ಐತೆಲ್ಲ, ಅದ್ರಲೆ ಮಾಡ್ತಾನ ಬಿಡು” ಎಂದು ಪಾರಿಸಪ್ಪನೂ ತಲೆಯಾಡಿಸಿದ. ಅವರ ಲೆಕ್ಕದಲ್ಲಿ ಡಾಕ್ಟರಿಕೆ ಅಂದರೆ ನಾಡಿ ಹಿಡಿಯುವುದು, ನಾಲಿಗೆ ನೋಡುವುದು, ಬಾಟಲಿಗೆ ಕೆಂಪು ಔಷಧ ಸುರಿದು ಕೊಡುವುದು. ಅದಕ್ಕೆ ಯಾವ ಕೈಯಾದರೇನು? ಆದರೆ ಜಿನನ ಮುಂದೆ ತೆಗೆದುಕೊಂಡ ನೇಮ ಗಂಟು ಬಿದ್ದ ನೂಲಿನ ಹಾಗೆ, ಹಾಕಿಸಿದವರೇ ಬಿಡಿಸಬೇಕು.

ಪುಣೆಯ ಡಾಕ್ಟರಿ ಶಾಲೆಯ ಆ ಉದ್ದನೆಯ ಕೋಣೆಗೆ ಕಾಲಿಟ್ಟ ದಿನವೇ ತವನಪ್ಪನಿಗೆ ಆಯಿಯ ಪಾಠದ ಅರ್ಥವಾಯಿತು. ಕಲ್ಲಿನ ಮೇಜುಗಳ ಮೇಲೆ ಹೆಣಗಳು. ಕಣ್ಣಲ್ಲಿ ನೀರು ತರಿಸುವ ಔಷಧದ ವಾಸನೆ, ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಸಿಹಿಯಂಥದ್ದು, ಗಂಟಲಲ್ಲಿ ಕೂತರೆ ಏಳದಂಥದ್ದು. ಅವನ ಪಾಲಿಗೆ ಬಂದದ್ದು ವಾರಸುದಾರರಿಲ್ಲದ ಒಬ್ಬ ಮುದುಕ. ಬಾವಿಯ ನೀರೆತ್ತುವ ಕಪಲಿಯ ನೆನೆದ ತೊಗಲಿನಂಥ ಮೈ. ತೊಗಲು ಬಿಡಿಸಿದರೆ ಕೆಳಗೆ ಹಳದಿ ಕೊಬ್ಬು, ಚಳಿಗಾಲದಲ್ಲಿ ಹರಳುಗಟ್ಟಿದ ತುಪ್ಪದ ಹಾಗೆ ಕಾಳು ಕಾಳು. ಊರಿನಿಂದ ಸೋದರತ್ತೆ ಪದ್ಮವ್ವ ಡಬ್ಬಿ ತುಂಬ ತುಪ್ಪ ಕಳಿಸಿದ್ದಳು. ಆ ಸಂಜೆ ಡಬ್ಬಿಯ ಮುಚ್ಚಳ ತೆಗೆದವನು ಹಾಗೇ ಮುಚ್ಚಿ, ಜೊತೆಗಾರ ಪಾಂಡಪ್ಪನಿಗೆ ಕೊಟ್ಟುಬಿಟ್ಟ.

ಪಾಂಡಪ್ಪ ಮುಧೋಳದ ಕಡೆಯ ಒಕ್ಕಲಿಗರ ಹುಡುಗ. ಸಣ್ಣವನಿದ್ದಾಗಿನಿಂದ ಬೇಟೆನಾಯಿ ಬಿಟ್ಟು ಮೊಲ ಹಿಡಿದು ಸುಲಿದವನು. ಅವನಿಗೆ ಈ ಮುದುಕನೂ ದೊಡ್ಡದೊಂದು ಮೊಲ. ಒಂದೇ ಮೇಜಿನ ಆಚೆ ಈಚೆ ಇಬ್ಬರೂ ನಿಲ್ಲುತ್ತಿದ್ದರು. ತವನಪ್ಪ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿ, ಎಡಗೈಯಲ್ಲಿ ಕತ್ತಿ ಹಿಡಿದು ಕೊಯ್ಯುತ್ತಿದ್ದ. ಹುಟ್ಟು ಎಡಚನಲ್ಲದವನ ಎಡಗೈ ಹೇಗೆ ಓಡೀತು?

“ಸರಿ ಅತ್ಲಾಗ ಎಡಚ್ಯಾ! ನರಾ ಹುಡಕಾಕತ್ತೀಯೋ ಕಸಾ ಕೀಳಾಕತ್ತೀಯೋ?”

“ಬಾಯಾಗ ಶೇಂಗಾ ಹಾಕ್ಕೊಂಡ ಮಾತಾಡಬ್ಯಾಡೋ ಪಾಂಡ್ಯಾ. ಕೈ ಆದ್ರೂ ತೊಳದೀ ಏನ?”

“ಯಾಕ ತೊಳೀಲಿ? ಮುದುಕಗ ಏನೂ ಜಡ್ಡ ಇಲ್ಲೋ. ಸತ್ತಾನ, ಅಷ್ಟ.”

ಪಾಂಡಪ್ಪ ಅದೇ ಬೆರಳಿನಿಂದ ಶೇಂಗಾದ ಸಿಪ್ಪೆ ಉಜ್ಜಿ ಬಾಯಿಗೆ ಎಸೆದುಕೊಳ್ಳುತ್ತಿದ್ದ. ತವನಪ್ಪ ಕಿಟಕಿಯ ಹತ್ತಿರ ಓಡುತ್ತಿದ್ದ. ಕಪ್ಪೆ ಕೊಯ್ಯುವ ಪಾಠ ಬಂದಾಗ ಮಾತ್ರ ಪಾಂಡಪ್ಪ ತಮಾಷೆ ಮಾಡಲಿಲ್ಲ. ಜೀವಂತ ಕಪ್ಪೆಯ ಮುಂದೆ ತವನಪ್ಪನ ಮೋರೆ ನೋಡಿ, ತನ್ನದರ ಜೊತೆಗೆ ಅವನದನ್ನೂ ಸದ್ದಿಲ್ಲದೆ ಮುಗಿಸಿಕೊಟ್ಟ.

ಹೆಣದ ಕೋಣೆಯಿಂದ ಹೊರಗೆ ಬಂದರೆ ಪಾರಾದೆ ಎಂದುಕೊಳ್ಳುವಂತೆಯೂ ಇರಲಿಲ್ಲ. ಮಧ್ಯಾಹ್ನದ ಪಾಠದಲ್ಲಿ ದೇಹ ನಡೆಯುವ ಬಗೆ ಹೇಳುತ್ತಿದ್ದರು. ಬಾಯಿಗೆ ಹೋದ ತುತ್ತು ಜೊಲ್ಲಿನಲ್ಲಿ ಕಲೆಯುವುದು, ಜಠರದಲ್ಲಿ ಹುಳಿನೀರು ಸುರಿದು ಅದನ್ನು ಗಂಜಿ ಮಾಡುವುದು, ಹಸಿರು ಪಿತ್ತ ಇಳಿಯುವುದು, ಆಮೇಲೆ ಕೊಳವೆಯ ಉದ್ದಕ್ಕೂ ಅದು ಏನೇನಾಗುತ್ತ ಹೋಗುವುದು. ಖಾನಾವಳಿಯಲ್ಲಿ ತವನಪ್ಪ ತುತ್ತು ಬಾಯಿಗಿಟ್ಟ ಕೂಡಲೇ ಆ ತುತ್ತಿನ ಮುಂದಿನ ಪ್ರಯಾಣವೆಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಆಯಿ ಹೇಳಿದ್ದು ಬರೀ ಚೀಲದ ಸುದ್ದಿ, ಇವರು ಚೀಲದ ಒಂದೊಂದು ಹೊಲಿಗೆ ಬಿಚ್ಚಿ ತೋರಿಸುತ್ತಿದ್ದರು. ಆಯಿಯ ಹೇಸಿಕೆಯಲ್ಲಿ ಒಂದು ಪುಣ್ಯವಿತ್ತು. ಇವನದರಲ್ಲಿ ಬರೀ ಓಕರಿಕೆ. ಕಾಲರ್‌ಬೋನು ಹೊರಬಿದ್ದು ಅಂಗಿ ಗೂಟಕ್ಕೆ ನೇತುಹಾಕಿದಂತೆ ಕಾಣುತ್ತಿದ್ದ.

ಹಾಗಂತ ದಡ್ಡನಲ್ಲ. ನೂಲಿನ ವ್ಯಾಪಾರಿಯ ಮಗ, ತೋಳಿನ ನರಗಳು ಕಂಕುಳಲ್ಲಿ ಕೂಡಿ, ಕವಲೊಡೆದು, ಮತ್ತೆ ಕೂಡಿ ಇಳಿಯುವುದನ್ನು ಗಂಟುಬಿದ್ದ ನೂಲಿನ ಲಡಿ ಬಿಡಿಸುವಂತೆ ಕಾಗದದ ಮೇಲೆ ಕಣ್ಣುಮುಚ್ಚಿ ಬರೆದು ತೋರಿಸುತ್ತಿದ್ದ. ಕಾಗದದ ಮೇಲೆ ಅವನೇ ಮೊದಲಿಗ, ಮೇಜಿನ ಮೇಲೆ ಅವನೇ ಕೊನೆಯವ. ಪರೀಕ್ಷೆಯ ದಿನ ಒಂದು ತೋಳು ಕೊಟ್ಟು ರಕ್ತನಾಳ ಬಿಡಿಸಿ ತೋರಿಸು ಅಂದರು. ಎಡಗೈಯ ಕತ್ತಿ ಅಡ್ಡ ಹೋಗಿ ನಾಳ ಕಡಿದು ಎರಡಾಯಿತು. ಪಕ್ಕದಲ್ಲಿ ನಿಂತಿದ್ದ ಮರಾಠಿ ಮಾಸ್ತರರು ಅವನ ಉತ್ತರ ಪತ್ರಿಕೆಯನ್ನೂ ಅವನ ಕೈಯನ್ನೂ ನೋಡಿ, “ಬರೆಯೋದು ಬಲಗೈ, ಕೊಯ್ಯೋದು ಎಡಗೈ. ನಿನ್ನ ರೋಗಿಗಳ ಪುಣ್ಯ ದೊಡ್ಡದು, ನೀನು ಇನ್ನೂ ಡಾಕ್ಟರಾಗಿಲ್ಲ” ಅಂದರು. ನಪಾಸು. ದೀಪಾವಳಿಯ ನಂತರ ಇನ್ನೊಂದು ಪರೀಕ್ಷೆ, ಅದರಲ್ಲೂ ಹೋದರೆ ಶಾಲೆಯಿಂದ ಹೆಸರು ಹೊಡೆದು ಹಾಕುತ್ತಾರೆ.

“ಬಲಗೈ ಹಚ್ಚೋ ಮಾರಾಯಾ” ಎಂದು ಪಾಂಡಪ್ಪ ರೇಗಿದ. “ನಿಮ್ಮ ಆಯಿ ಇಲ್ಲಿ ಬಂದ ನೋಡತಾಳೇನ?”

“ಆಯಿ ನೋಡೂದಿಲ್ಲೋ. ಉಣ್ಣೂವಾಗ ಈ ಕೈ ನನ್ನ ನೋಡತೈತಿ.”

ಕೈಕಟ್ಟಿದ ನೇಮ ಬಿಡಿಸಿಕೊಳ್ಳದೆ ಈ ಸಲವೂ ಅಷ್ಟೇ ಎಂದು ತಿಳಿದು, ದೀಪಾವಳಿಗೆ ಎಂಟೊಂಬತ್ತು ದಿನ ಇರುವಾಗಲೇ ತವನಪ್ಪ ಊರಿಗೆ ಹೊರಟ. ಆಯಿಯನ್ನೇ ಕೇಳುವುದು. ಬಿಡಿಸಿದರೆ ಡಾಕ್ಟರು, ಇಲ್ಲದಿದ್ದರೆ ನೂಲಿನ ಅಂಗಡಿ. ಕುಡಚಿಯಲ್ಲಿ ರೈಲು ಇಳಿದು, ತೇರದಾಳದ ಮೇಲೆ ಬರುವ ಸರ್ವಿಸ್ ಮೋಟಾರು ಹತ್ತಿದ. ರಬಕವಿಯ ಹೊರಗೆ ಸತ್ತ ಎಮ್ಮೆಯೊಂದು ಹೊಟ್ಟೆ ಉಬ್ಬಿ ಬಿದ್ದಿತ್ತು, ಹದ್ದುಗಳು ಸುತ್ತ ಕೂತಿದ್ದವು. ತವನಪ್ಪ ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡ.

ಮನೆಯ ಬಾಗಿಲಲ್ಲಿ ಲಾಡು ಕಟ್ಟುವ ತುಪ್ಪದ ಪರಿಮಳ. ಅದರ ಅಡಿಯಲ್ಲಿ ಇನ್ನೊಂದು ವಾಸನೆ. ಸಿಹಿಯಂಥದ್ದು. ತವನಪ್ಪನ ಕಾಲು ಹೊಸ್ತಿಲಲ್ಲೇ ನಿಂತಿತು. ಪುಣೆಯ ಆ ಕೋಣೆ ತನಗಿಂತ ಮೊದಲೇ ಮನೆ ಸೇರಿದೆ ಅನ್ನಿಸಿತು.

ಅಕ್ಕವ್ವ ಹಿಂದಿನ ಪಡಸಾಲೆಯಲ್ಲಿ ಗೋಡೆಯ ಕಡೆ ಮೋರೆ ಮಾಡಿ ಮಲಗಿದ್ದಳು. ಶ್ರಾವಣದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಟೊಂಕ ಮುರಿದಿತ್ತು, ಅಂದಿನಿಂದ ಎದ್ದಿರಲಿಲ್ಲ. ಓದುವ ಹುಡುಗ ಗಾಬರಿಯಾದಾನೆಂದು ಪಾರಿಸಪ್ಪ “ಆಯಿಗೆ ನಡುನೋವು” ಎಂದಷ್ಟೇ ತಿಳಿಸಿದ್ದ.

ತವನಪ್ಪ ಪಕ್ಕದಲ್ಲಿ ಕೂತು, ಬಾಯಲ್ಲಿ ಉಸಿರಾಡುತ್ತ, ಸುಖದುಃಖ ಕೇಳಿದ. ಆಮೇಲೆ ಪರೀಕ್ಷೆಯ ಮಾತು, ಕೈಯ ಮಾತು.

“ನೇಮಾ ಬಿಡಸು ಆಯಿ. ಎಡಗೈಲೆ ಆಗೂದಿಲ್ಲ.”

“ನೇಮಾ ಅಂದ್ರ ಏನ ಅಂಗೀನ, ಶೆಕೀ ಆತಂತ ಕಳದ ಇಡಾಕ?” ಗೋಡೆಯ ಕಡೆಯಿಂದಲೇ ಮಾತು ಬಂತು. “ನೀ ಡಾಕ್ಟರ ಆಗದಿದ್ರ ನಿಮ್ಮಪ್ಪಗ ಬ್ಯಾಸರ. ಆ ಕೈ ಕೆಟ್ರ ನನಗ ನರಕ. ನಾ ಬಿಡಸಾಕಿ ಅಲ್ಲ.”

ಆಗಲೇ ಆಯಿಯ ಬೆನ್ನ ಮೇಲಿನ ದುಪಟಿಯ ಮೇಲೆ ನೊಣಗಳು ಎದ್ದು ಕೂಡುವುದು ಕಾಣಿಸಿತು. ಒಂದು ಕಡೆಯೇ. ತವನಪ್ಪ ಎದ್ದು ಅಡಿಗೆಮನೆಗೆ ಹೋಗಿ ಪದ್ಮವ್ವನನ್ನು ಹಿಡಿದ. ಗಂಡ ಸತ್ತ ಮೇಲೆ ಬೀಳಗಿಯಿಂದ ತವರಿಗೆ ಬಂದು ನಿಂತ ಈ ಸೋದರತ್ತೆಯೇ ತಾಯಿಯ ಸೇವೆ ಮಾಡುತ್ತಿದ್ದಳು.

“ಅತ್ತಿ, ಆಯಿ ಬೆನ್ನಿಗೆ ಏನಾಗೇತಿ?”

ಪದ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. “ಮಲಗಿ ಮಲಗಿ ಹುಣ್ಣ ಆಗೇತೋ ತಮ್ಮಾ. ಹುಳಾ ಬಿದ್ದಾವ. ನಿನಗ ಹೇಳಬ್ಯಾಡಂತ ಆಣಿ ಹಾಕ್ಯಾಳ. ಬನಹಟ್ಟಿ ಕಂಪೌಂಡರ ಟರ್ಪೆಂಟೈನ ಎಣ್ಣಿ ತಂದಿದ್ದ. ಹುಳಾ ಸಾಯತಾವಂದ್ರ ಮುಟ್ಟಬ್ಯಾಡಂತ ಅಂವನ ಬೈದ ಕಳಿಸಿದಳು.”

ತವನಪ್ಪ ತಿರುಗಿ ಹೋಗಿ ದುಪಟಿ ಎತ್ತಿದ. ನಡುವಿನ ಕೆಳಗೆ ಅಂಗೈ ಹೋಗುವಷ್ಟು ಕುಳಿ. ಅಂಚೆಲ್ಲ ಕಪ್ಪು, ಒಳಗೆ ಬಿಳಿ. ಆ ಬಿಳಿ ಹೊರಳುತ್ತಿತ್ತು, ಅನ್ನ ಕುದಿಯುವಾಗ ಅಗುಳು ಹೊರಳುವ ಹಾಗೆ. ಹಿತ್ತಲ ಕರಿಬೇವಿನ ಗಿಡದ ಬುಡದಲ್ಲಿ ಅವನು ಕುಡಿದ ನೀರೆಲ್ಲ ಕಾರಿದ, ಇನ್ನೇನೂ ಬರದಾದಾಗ ಬರೀ ಪಿತ್ತ ಬಂತು. ಪಿತ್ತ ಹಸಿರು ಎಂದು ಮಾಸ್ತರರು ಹೇಳಿದ್ದು ಖರೆಯಾಗಿತ್ತು. ಮೋರೆ ತೊಳೆದು, ಗೋಡೆ ಹಿಡಿದು ಒಳಗೆ ಬಂದ.

“ಆಯಿ, ನಾ ತಗೀತೇನಿ. ಒಂದೂ ಕೊಲ್ಲೂದಿಲ್ಲ, ಜೀವಂತ ತಗೀತೇನಿ.”

“ಬ್ಯಾಡ. ಅವೂ ಜೀವ. ನನ್ನ ಕರ್ಮಾ ತಿಂದ ಹೊಂಟಾವ, ತಿನ್ನಲಿ.”

“ನಿನ್ನ ಕರ್ಮಾ ಅಲ್ಲ ಆಯಿ, ನಿನ್ನ ಮಾಂಸಾ ತಿನ್ನಾಕತ್ತಾವ.”

“ತಗದ ಎಲ್ಲಿ ಇಡತೀ? ನೆಲಕ್ಕ ಚೆಲ್ಲಿದ್ರ ಉಪಾಸ ಸಾಯತಾವ. ಆ ಪಾಪ ಯಾರಿಗೆ?”

ತವನಪ್ಪನ ತಲೆಯಲ್ಲಿ ಮೋಟಾರಿನ ಕಿಟಕಿ ತೆರೆಯಿತು. “ಊರ ಹೊರಗ ಎಮ್ಮಿ ಸತ್ತ ಬಿದ್ದೈತಿ. ಅಲ್ಲಿ ಬಿಟ್ಟ ಬರೂಣು.”

“ಹಂಗಾರ ಅಡ್ಡಿ ಇಲ್ಲ. ಅಲ್ಲಿ ಅವಕ್ಕ ಕಡಿಮಿ ಬೀಳೂದಿಲ್ಲ.”

ಮಧ್ಯಾಹ್ನದ ಬೆಳಕು ಪಡಸಾಲೆಗೆ ಬೀಳುತ್ತಿತ್ತು. ಪದ್ಮವ್ವ ಬೆಚ್ಚಗಿನ ನೀರು ತಂದಳು, ಮಣ್ಣಿನ ಗಡಿಗೆ ಹಿಡಿದು ಕೂತಳು. ತವನಪ್ಪ ತನ್ನ ಚೀಲದಿಂದ ಚಿಮುಟಿಗೆ ತೆಗೆದ. ಸದ್ದಿಗೇ ಅಕ್ಕವ್ವ ಕೇಳಿದಳು, “ಅದು ಹೆಣಕ್ಕ ಮುಟ್ಟಿದ್ದಲ್ಲೇನ?” ಚಿಮುಟಿಗೆ ಚೀಲಕ್ಕೆ ವಾಪಸು ಹೋಯಿತು. ಉಳಿದದ್ದು ಬರಿಗೈ. ತವನಪ್ಪ ಎಡಗೈ ಚಾಚಿ, ಮೋರೆ ತಿರುಗಿಸಿ, ಮೊದಲನೆಯದನ್ನು ಹಿಡಿದ. ತಣ್ಣಗಿತ್ತು, ಮಿಸುಕುತ್ತಿತ್ತು. ಬೆರಳ ನಡುವೆ ಪಿಚ್ಚೆಂದಿತು. ಅವನ ತೋಳಿನ ಕೂದಲೆಲ್ಲ ಎದ್ದು ನಿಂತವು.

“ಏನಾತು?” ಎಂದಳು ಅಕ್ಕವ್ವ.

“ಒಂದ ಸತ್ತಿತ ಆಯಿ.”

“ಎಡಗೈಲೆ ತಗ್ಯಾಕತ್ತೀಯೇನ?”

“ಹೂಂ.”

“ಬಲಗೈಲೆ ತಗಿ. ಹುಳಾ ಹೆಣಾ ಅಲ್ಲ, ಜೀವಂತ ಅದಾವ. ಜೀವ ಉಳಸಾಕ ಬಲಗೈ ನಡೀತೈತಿ.”

ತವನಪ್ಪ ಬಲಗೈ ಇಳಿಸಿದ. ಕುಳಿಗೆ ಬೆಚ್ಚಗಿನ ನೀರು ಬಿಟ್ಟಂತೆ ಹುಳುಗಳು ಉಸಿರಿಗಾಗಿ ಮೇಲೆ ಬಂದವು, ಒಂದೊಂದನ್ನೇ ಹೂವಿನ ಎಸಳು ಹಿಡಿದಂತೆ ಹಿಡಿದು ಗಡಿಗೆಗೆ ಹಾಕಿದ. ನಡುನಡುವೆ ತೋಳಿನಿಂದ ಬಾಯಿ ಒತ್ತಿಕೊಂಡು ಓಕರಿಕೆ ನುಂಗಿದ. ಗಡಿಗೆಯ ಒಳಗಿನಿಂದ ತೊಯ್ದ ಅವಲಕ್ಕಿ ಕಲಸುವಂಥ ಸಣ್ಣ ಸದ್ದು ಬರುತ್ತಿತ್ತು. ಪದ್ಮವ್ವ ಕಣ್ಣು ಮುಚ್ಚಿಯೇ ಗಡಿಗೆ ಹಿಡಿದಿದ್ದಳು.

“ಅತ್ತಿ, ಕಣ್ಣ ತಗೀ ಬೇ. ಗಡಿಗಿ ವಾಲಾಕತ್ತೈತಿ.”

“ನನ್ನ ಕಣ್ಣ ತಗದ್ರ ಗಡಿಗೀನ ಬೀಳತೈತೋ.”

ಹುಳು ತುಂಬಿದ ಗಡಿಗೆಯನ್ನು ಒಯ್ಯುವ ಕೆಲಸ ಮನೆಯ ಯಜಮಾನನಿಗೆ ಬಿತ್ತು. ಪಾರಿಸಪ್ಪ ಬಿಳೀ ಧೋತರ, ಕರೀ ಕೋಟು, ತಲೆಯ ಪಟಕಾ ಸಮೇತ, ಗಡಿಗೆಯನ್ನು ಮೈಯಿಂದ ಮೊಳ ದೂರ ಹಿಡಿದು ಬೀದಿಗೆ ಇಳಿದ. ಎದುರುಮನೆಯ ನೇಕಾರ ಶಿವಯೋಗೆಪ್ಪ ಕಟ್ಟೆಯ ಮೇಲೆ ನೂಲಿನ ಕಂಡಕಿ ಸುತ್ತುತ್ತ ಕೂತಿದ್ದವನು ಕೈ ನಿಲ್ಲಿಸಿದ.

“ಏನ್ರಿ ಸಾವಕಾರ್ರ, ಗಡಿಗ್ಯಾಗ ಏನ ಒಯ್ಯಾಕತ್ತೀರಿ? ಹಬ್ಬದ ಲಾಡೂ ಏನ್ರಿ?”

“ಏನಿಲ್ಲೋ ಶಿವಯೋಗಿ. ಮನೀ ಮಂದಿ, ಊಟಕ್ಕ ಕಳಸಾಕ ಹೊಂಟೇನಿ.”

ಮಬ್ಬುಗಣ್ಣಿನ ಶಿವಯೋಗೆಪ್ಪ ಕುತೂಹಲದಿಂದ ಹತ್ತಿರ ಬಂದು ಅರಿವೆ ಸರಿಸಿ ಬಗ್ಗಿದ. ಬಗ್ಗಿದವನು “ಶಿವ ಶಿವಾ!” ಎಂದು ಹಿಂದಕ್ಕೆ ಹಾರಿ ತನ್ನ ಕಂಡಕಿಯ ಬುಟ್ಟಿಯ ಮೇಲೆಯೇ ಬಿದ್ದ. ಆ ವರ್ಷ ಸಾವಕಾರರ ಮನೆಯ ಲಾಡನ್ನು ಅವನು ಸೇರಿದಂತೆ ಓಣಿಯಲ್ಲಿ ಯಾರೂ ಮುಟ್ಟಲಿಲ್ಲ.

ಇತ್ತ ಹುಳು ಹೋದ ಮೇಲೆ ಹುಣ್ಣಿನ ಅಸಲು ರೂಪ ಕಂಡಿತ್ತು. ಅಂಚಿನ ಸುತ್ತ ಕರೀ ಮಾಂಸ, ತೊಯ್ದ ಚರ್ಮದಂತೆ ಅಂಟಿಕೊಂಡದ್ದು. ಅದು ಇರುವತನಕ ನೊಣ ಮತ್ತೆ ಬರುತ್ತದೆ, ಹುಳು ಮತ್ತೆ ಬೀಳುತ್ತದೆ.

“ಕೊಯ್ದ ತಗೀಬೇಕ ಆಯಿ. ನೋಯೂದಿಲ್ಲ. ಅದು ಸತ್ತೈತಿ.”

“ಸತ್ತೈತಿ ಅಂದ್ರ?”

“ಜೀವ ಇಲ್ಲ ಅದರಾಗ.”

“ಹಂಗಾರ ಅದು ಹೆಣಾ.”

ತವನಪ್ಪನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಹೌದ ಆಯಿ.”

ಅಕ್ಕವ್ವ ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಗೋಡೆಗೆ ಮೋರೆ ಇಟ್ಟು ತನ್ನ ಹಳೆಯ ಪಾಠ ಶುರು ಮಾಡಿದಳು. “ಈ ಕಾಯ ಅಂದ್ರ ಏನು? ತೊಗಲಿನ ಚೀಲ...”

ತವನಪ್ಪ ಅಪ್ಪನ ಕ್ಷೌರದ ಕತ್ತಿಯನ್ನು ಕುದಿನೀರಲ್ಲಿ ಅದ್ದಿ ತಂದ. ಎಡಗೈಯಲ್ಲಿ ಹಿಡಿದು ಕರೀ ಅಂಚಿಗೆ ತಾಗಿಸಿದ. ಪುಣೆಯ ಮುದುಕನ ಮೈಯಲ್ಲಿ ಎಲ್ಲಿ ತಪ್ಪಿದರೂ ಅವನು ‘ಅಮ್ಮಾ’ ಅನ್ನುತ್ತಿರಲಿಲ್ಲ. ಇಲ್ಲಿ ಸತ್ತದ್ದು ಜೀವಂತಕ್ಕೆ ಅಂಟಿಕೊಂಡಿತ್ತು, ಎರಡರ ನಡುವೆ ಕೂದಲೆಳೆಯಷ್ಟು ಗೆರೆ. ಆಚೆ ಜಾರಿದರೆ ಏನೂ ಇಲ್ಲ, ಈಚೆ ಜಾರಿದರೆ ತನ್ನನ್ನು ಸಾಕಿದ ಮೈ. ಎಡಗೈ ಜಾರಿತು. ಅಕ್ಕವ್ವನ ಬೆನ್ನು ಬಿಗಿಯಿತು, ಕೆಂಪು ಹನಿ ಕಾಣಿಸಿತು. ಪಾಠ ತುಸು ತಡವರಿಸಿ ಮುಂದೆ ಸಾಗಿತು. “ಒಳಗ ಏನೈತಿ? ನೆತ್ತರ...”

ತವನಪ್ಪ ಕತ್ತಿಯನ್ನು ಬಲಗೈಗೆ ಬದಲಾಯಿಸಿದ. ಎಡಗೈಯಿಂದ ಕರೀ ತುಂಡಿನ ಅಂಚು ಎತ್ತಿ ಹಿಡಿದು ಗೆರೆಯ ಮೇಲೆ ಕತ್ತಿ ಓಡಿಸಿದ. ಸಲೀಸಾಗಿ ಓಡಿತು. ಎಷ್ಟೋ ತಿಂಗಳು ಬೆನ್ನ ಹಿಂದೆ ಕಟ್ಟಿಸಿಕೊಂಡು ಎಲ್ಲವನ್ನೂ ನೋಡುತ್ತ ಕೂತಿದ್ದ ಕೈ ಅದು, ಕಲಿತದ್ದೆಲ್ಲ ಅದರಲ್ಲೇ ಇತ್ತು. ಎಡಗೈ ಹಿಡಿಯುವುದಕ್ಕೆ, ಬಲಗೈ ಕೊಯ್ಯುವುದಕ್ಕೆ ಎಂದು ಮಾಸ್ತರರು ಬಡಕೊಂಡದ್ದು ಈಗ ತಿಳಿಯಿತು.

“ಕೀವ...” ಎಂದ ಅಕ್ಕವ್ವ ಪಾಠವನ್ನು ಅಲ್ಲಿಗೆ ನಿಲ್ಲಿಸಿದಳು. ತಾನು ತುತ್ತು ಕಲಿಸಿದ ಕೈಯ ಗುರುತು ಬೆನ್ನಿಗೂ ಸಿಕ್ಕಿತ್ತು. ಕತ್ತಿಯ ಸದ್ದು ಮಾತ್ರ ಉಳಿಯಿತು, ಆ ವಾಸನೆ, ಮತ್ತು ಪದ್ಮವ್ವನ ಬಿಕ್ಕು. ಕೊಯ್ದ ತುಂಡು ತಟ್ಟೆಗೆ ಬೀಳುವಾಗ ತೊಯ್ದ ಅರಿವೆ ಬಿದ್ದ ಹಾಗೆ ಸಪ್ಪಳವಾಯಿತು. ತವನಪ್ಪ ಕೆಲಸ ಮುಗಿಸಿ, ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ತೊಳೆದು, ಶುದ್ಧ ಅರಿವೆ ಕಟ್ಟಿ, ಮತ್ತೆ ಕರಿಬೇವಿನ ಗಿಡದ ಹತ್ತಿರ ಓಡಿದ.

ಬಲಗೈಯನ್ನು ಬೂದಿಯಲ್ಲಿ ತಿಕ್ಕಿದ, ಹುಣಸೆಹಣ್ಣಿನಲ್ಲಿ ತಿಕ್ಕಿದ, ಅಂಟುವಾಳದಲ್ಲಿ ತಿಕ್ಕಿದ. ಬೆರಳು ಕೆಂಪಾಗಿ ಸುಲಿಯುವಂತಾದರೂ ಮೂಗಿನ ಹತ್ತಿರ ತಂದರೆ ಅದೇ ವಾಸನೆ. ಹೊತ್ತು ಮುಳುಗಲು ಬಂದಿತ್ತು. ಅದಾದ ಮೇಲೆ ಆಯಿ ನೀರು ಮುಟ್ಟುವವಳಲ್ಲ. ಸೋಸಿದ ನೀರು ತಂಬಿಗೆಯಲ್ಲಿ ತುಂಬಿ ಬಲಗೈಯಲ್ಲಿ ಹಿಡಿದು ಅವಳ ಬಾಯಿಯ ಹತ್ತಿರ ತಂದ. ಅಕ್ಕವ್ವ ಮೋರೆ ತಿರುಗಿಸಿದಳು.

“ಆ ಕೈಲೆ ಬ್ಯಾಡ.”

“ತೊಳದೇನಿ ಆಯಿ. ಮೂರ ಸರೆ ತೊಳದೇನಿ.”

“ತೊಳದ್ರ ಹೋಗೂ ಹೊಲಸ ಅಲ್ಲ ಅದು. ನನ್ನ ಹೊಲಸ ನನಗ ಗೊತ್ತೈತಿ. ಎಡಗೈಲೆ ಕೊಡು.”

ಹಿರಿಯರಿಗೆ ಎಡಗೈಯಲ್ಲಿ ನೀರು ಕೊಡುವುದೆ! ಪದ್ಮವ್ವ “ಅಯ್ಯ ಅವ್ವಾ” ಅಂದಳು. ಅಕ್ಕವ್ವ ತಂಬಿಗೆಯನ್ನೇ ನೋಡುತ್ತಿದ್ದಳು. ತವನಪ್ಪ ಕೈ ಬದಲಿಸಿದ. ಪುಣೆಯ ಮುದುಕನನ್ನು ತಿಂಗಳುಗಟ್ಟಲೆ ಕೆದಕಿದ್ದ ಆ ಎಡಗೈಯಿಂದ ಅವಳು ತಂಬಿಗೆ ಬರಿದಾಗುವತನಕ ನೀರು ಕುಡಿದಳು. ಪಡಸಾಲೆಯ ಬಿಸಿಲು ಗೋಡೆ ಬಿಟ್ಟು ಹೋಯಿತು.

“ನೇಮಾ ಮುರದೀ” ಅಂದಳು.

“ಮುರದ್ನಿ ಆಯಿ.”

“ಮುರದದ್ದ ಇನ್ನ ಕೂಡೂದಿಲ್ಲ. ಆ ಕೈ ಕೊಯ್ಯಾಕ ಇರಲಿ. ಹೋಗಿ ಪಾಸ ಆಗು. ಆದ್ರ ಹೆಣಾ ಮುಟ್ಟೂ ಕೈಲೆ ಉಣಬ್ಯಾಡ.”

“ಮತ್ತ ಎಡಗೈಲೆ ಉಣ್ಣಲೇನ?”

“ಥೂ! ಹೊಲಸ ಹುಡುಗಾ!” ಎಂದು ಅಕ್ಕವ್ವ ಎಷ್ಟು ಹೇಸಿಕೊಂಡಳೆಂದರೆ ಪದ್ಮವ್ವನಿಗೆ ಅಳುವಿನ ನಡುವೆಯೇ ನಗು ಬಂತು. ಬಲಗೈಯೂ ಇಲ್ಲ, ಎಡಗೈಯೂ ಇಲ್ಲ. ಪದ್ಮವ್ವನೇ ಎದ್ದು ಹೋಗಿ ಅಟ್ಟಣಿಗೆಯ ಉಪ್ಪಿನಕಾಯಿ ಭರಣಿಯಿಂದ ಹಿತ್ತಾಳೆಯ ಚಮಚ ತೆಗೆದು, ತೊಳೆದು, ತನ್ನ ಹಳೆಯ ಸೀರೆಯ ಅರಿವೆಯಲ್ಲಿ ಸುತ್ತಿ ತಂದಳು.

ಆ ಹುಣ್ಣು ಮಾಯಲು ಚಳಿಗಾಲವೆಲ್ಲ ಹಿಡಿಯಿತು. ಅಕ್ಕವ್ವ ಮತ್ತೆ ನಡೆದಾಡಲಿಲ್ಲ, ಆದರೂ ಮೊಮ್ಮಗ ಡಾಕ್ಟರಾಗಿ ಬಂದದ್ದನ್ನು ಕಂಡಳು. ಅವನ ಬಲಗೈಯ ನೀರನ್ನು ಮಾತ್ರ ಕೊನೆಯತನಕ ಕುಡಿಯಲಿಲ್ಲ.

ಆ ಸಲದ ಹಬ್ಬ ಮುಗಿದ ಮೇಲೆ ತವನಪ್ಪ ಕುಡಚಿಯ ಸ್ಟೇಶನ್ನಿನಲ್ಲಿ ರೈಲಿಗೆ ಕಾಯುತ್ತ ಬುತ್ತಿ ಬಿಚ್ಚಿದ. ಮೊಸರನ್ನ. ಚಮಚ ತೆಗೆದು ಅದ್ದಿದ. ಹಳೆಯ ಉಪ್ಪಿನಕಾಯಿಯ ವಾಸನೆ ಇನ್ನೂ ಅದಕ್ಕಿತ್ತು. ಬಿಳೀ ಅಗುಳು ಚಮಚದಲ್ಲಿ ಮೆಲ್ಲಗೆ ಜಾರಿದವು. ಪಡಸಾಲೆಯ ಕುಳಿ ಕಣ್ಣ ಮುಂದೆ ತೆರೆಯಿತು, ಆದರೂ ತುತ್ತು ಬಾಯಿಗಿಟ್ಟ.

“ಏ ಎಡಚ್ಯಾ! ಇದೇನಲೇ, ಚಮಚಾ ಹಿಡಿದ ಸಾಹೇಬ ಆಗೀಯಲ್ಲ?” ಮುಧೋಳದಿಂದ ಬಂದಿಳಿದ ಪಾಂಡಪ್ಪ ಬಗಲಲ್ಲಿ ಶೇಂಗಾದ ಗಂಟು ಸಮೇತ ಎದುರಿಗೆ ಕುಕ್ಕರಿಸಿದ. “ಆಯಿ ಏನಂದ್ಲು? ಪರೀಕ್ಷಾದಾಗ ಯಾವ ಕೈ?”

ತವನಪ್ಪ ಮೂಗು ಬಿಗಿಹಿಡಿದು, ಕಣ್ಣು ಮುಚ್ಚಿ, ಬಾಯಲ್ಲಿದ್ದದ್ದನ್ನು ಜಗಿಯದೆ ನುಂಗಿದ. ಅದು ಇಳಿಯುತ್ತ ಹೋದ ದಾರಿಯೆಲ್ಲ ಅವನಿಗೆ ಗೊತ್ತಿತ್ತು. ಆಮೇಲೆ ಚಮಚ ಹಿಡಿದಿದ್ದ ಬಲಗೈಯನ್ನೇ ಎತ್ತಿ ತೋರಿಸಿದ.